ಮೇಜಿನ ಮೇಲೆ ಓಡುವ ರೋಬೋಟಿಕ್ ಗ್ಲೌಸ್ ರೋಗಿಯ ಕೈಯಲ್ಲೂ ಓಡಬೇಕಾದರೆ: ಹಂತ ಹಂತದ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಎಂಜಿನಿಯರಿಂಗ್ ಹುಡುಗರು ಕೊನೆ ವರ್ಷದ ಪ್ರಾಜೆಕ್ಟ್‌ಗೆ ಅಂತ ಲಕ್ವಾ ಹೊಡೆದವರಿಗಾಗಿ ರೋಬೋಟಿಕ್ ಗ್ಲೌಸ್, ಅಂದರೆ ಮೋಟಾರ್‌ನಿಂದ ಬೆರಳು ಆಡಿಸುವ ಕೈಗವಸು, ಮಾಡಲು ಕೂರುತ್ತಾರೆ. ಮೇಜಿನ ಮೇಲೆ ಅದು ಚೆನ್ನಾಗಿ ಓಡುತ್ತದೆ. ತಮ್ಮ ಕೈಗೆ ಹಾಕಿಕೊಂಡರೂ ಓಡುತ್ತದೆ. ರೋಗಿಯ ಕೈಗೆ ಹಾಕಿದ ಕೂಡಲೇ ಮೋಟಾರ್ ಗುಂಯ್ ಅಂತ ನಿಂತುಬಿಡುತ್ತದೆ. ಎಷ್ಟೋ ಸಲ ಗ್ಲೌಸ್ ಕೈಗೆ ಹೋಗುವುದೇ ಇಲ್ಲ. ಕಾರಣ ಹೆಚ್ಚಾಗಿ ಒಂದೇ: ಮೊದಲು ಮೋಟಾರ್ ಕೊಳ್ಳುತ್ತಾರೆ, ಆಮೇಲೆ ಕೋಡ್ ಬರೆಯುತ್ತಾರೆ, ಕೊನೆಗೆ ಕೈ ನೋಡುತ್ತಾರೆ. ಇಲ್ಲಿ ಆ ಸರದಿಯನ್ನು ಪೂರ್ತಿ ಉಲ್ಟಾ ಮಾಡಿದ್ದೇನೆ.

ನಾನು ಹೇಳುತ್ತಿರುವುದು ದಾರ ಎಳೆದು ಬೆರಳು ತೆರೆಯುವ ಮಾದರಿ. ಗಾಳಿ ತುಂಬುವ ಗ್ಲೌಸ್ ಮೆತ್ತಗಿರುತ್ತದೆ ನಿಜ, ಆದರೆ ಪಂಪು, ವಾಲ್ವು, ಸೋರಿಕೆ ಅಂತ ತಲೆನೋವು ಜಾಸ್ತಿ. ಲೋಹದ ಕೀಲುಗಳ ಮಾದರಿಯಲ್ಲಿ ಯಂತ್ರದ ಕೀಲು ಮತ್ತು ಬೆರಳಿನ ಗೆಣ್ಣು ಒಂದೇ ಗೆರೆಗೆ ಬರಬೇಕು, ಸ್ವಲ್ಪ ತಪ್ಪಿದರೂ ಗೆಣ್ಣಿಗೆ ಪೆಟ್ಟು. ನಮ್ಮೂರಲ್ಲೇ ಸಿಗುವ ಸಾಮಾನಿನಿಂದ ಕಟ್ಟಿ, ನಮ್ಮೂರಲ್ಲೇ ರಿಪೇರಿ ಮಾಡಲು ದಾರವೇ ವಾಸಿ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಬೆರಳಿನ ಕೋನ ಅಳೆಯುವ ಗೋನಿಯೋಮೀಟರ್, ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ, ಟೇಪು, ಮೀನು ಹಿಡಿಯಲು ಬಳಸುವ ಹೆಣೆದ ಪಾಲಿಎಥಿಲೀನ್ ದಾರ, ಟೆಫ್ಲಾನ್ ಕೊಳವೆ, ವೆಲ್ಕ್ರೋ, ಬ್ಯಾಗಿನ ಕ್ಲಿಪ್ ಬಕಲ್, ಎಳೆತ ಅಳೆಯುವ ಲೋಡ್ ಸೆಲ್, ಅದರ ಸಿಗ್ನಲ್ ಓದುವ ಎಚ್‌ಎಕ್ಸ್711 ಬೋರ್ಡ್, ಕೋಡ್ ಓಡಿಸುವ ಇಎಸ್‌ಪಿ32 ಬೋರ್ಡ್. ಮೋಟಾರ್ ಈ ಪಟ್ಟಿಯಲ್ಲಿ ಇಲ್ಲ. ಮೂರನೇ ಹಂತದ ಲೆಕ್ಕ ಮುಗಿಯುವವರೆಗೆ ದಯವಿಟ್ಟು ಕೊಳ್ಳಬೇಡಿ.

## ಹಂತ 1: ಒಬ್ಬ ಮನುಷ್ಯ, ಒಂದು ಕೆಲಸ

ವ್ಯಾಯಾಮಕ್ಕೆ ಬೇಕಾದ ಗ್ಲೌಸ್ ಬೇರೆ, ದಿನದ ಕೆಲಸಕ್ಕೆ ಬೇಕಾದದ್ದು ಬೇರೆ. ವ್ಯಾಯಾಮದ್ದು ಥೆರಪಿಸ್ಟ್ ಎದುರು, ಮೇಜಿನ ಮೇಲೆ ಕೈ ಇಟ್ಟುಕೊಂಡು, ತೆರೆ-ಮುಚ್ಚು ತೆರೆ-ಮುಚ್ಚು ಅಂತ ಓಡುವಂಥದ್ದು. ಅದು ಭಾರ ಇದ್ದರೂ ನಡೆಯುತ್ತದೆ. ದಿನದ ಕೆಲಸದ್ದು ಮನೆಯಲ್ಲಿ ಹಾಕಿಕೊಂಡು ಓಡಾಡುವಂಥದ್ದು, ಹಗುರ ಇರಬೇಕು, ಮನೆಯವರೇ ಹಾಕಿ ತೆಗೆಯುವಂತಿರಬೇಕು. ಎರಡನ್ನೂ ಒಂದರಲ್ಲೇ ಮಾಡುತ್ತೇವೆ ಅಂತ ಹೊರಟವರಿಗೆ ಒಂದೂ ಆಗುವುದಿಲ್ಲ.

ಆಮೇಲೆ ಕೆಲಸ ಆರಿಸಿ. ಚೊಂಬು ಹಿಡಿಯುವುದಕ್ಕೆ ನಾಲ್ಕು ಬೆರಳು ಒಟ್ಟಿಗೆ ತೆರೆದು ಮುಚ್ಚಿದರೆ ಸಾಕು, ಹೆಬ್ಬೆರಳು ಎದುರಿಗೆ ಸುಮ್ನೆ ನಿಂತಿದ್ದರೂ ಆಗುತ್ತದೆ. ಅಂಗಿ ಗುಂಡಿ ಹಾಕುವುದು ಬಹಳ ಕಷ್ಟ, ಮೊದಲ ಸಲಕ್ಕೆ ಬೇಡ. ಜೋಳದ ರೊಟ್ಟಿ ಮುರಿಯಬೇಕು ಅಂತ ಕೇಳುವವರು ನಮ್ಮ ಕಡೆ ಜಾಸ್ತಿ. ಕೇಳಿದ ಕೂಡಲೇ ಹೆಬ್ಬೆರಳಿಗೆ ಎರಡು ಮೋಟಾರ್ ಹಚ್ಚಲು ಓಡಬೇಡಿ. ತಾಟಿನ ಮುಂದೆ ಕೂರಿಸಿ ನೋಡಿ. ಎಷ್ಟೋ ಜನ ಒಳ್ಳೆ ಕೈಯಲ್ಲೇ ಮುರಿಯುತ್ತಾರೆ, ಸೋತ ಕೈಯಿಂದ ರೊಟ್ಟಿ ಜಾರದಂತೆ ಒತ್ತಿ ಹಿಡಿದರೆ ಸಾಕಾಗಿರುತ್ತದೆ. ಅದಕ್ಕೆ ಅಂಗೈ ತೆರೆದಿದ್ದರೆ ಸಾಕು.

ಇದನ್ನೆಲ್ಲ ಒಬ್ಬರೇ ಕೂತು ತೀರ್ಮಾನಿಸಬೇಡಿ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅಂತ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ರಾಯಚೂರಿನಲ್ಲಿ ರಿಮ್ಸ್ ಇದೆ, ಕೊಪ್ಪಳದಲ್ಲಿ ಕಿಮ್ಸ್ ಇದೆ. ಒಬ್ಬ ಫಿಸಿಯೋಥೆರಪಿಸ್ಟ್ ಮೊದಲ ದಿನದಿಂದಲೇ ಜೊತೆಗಿರಬೇಕು. ಕೊನೆಗೆ ಸಹಿ ಹಾಕಿಸಲು ಮಾತ್ರ ಹೋದರೆ ಪ್ರಯೋಜನವಿಲ್ಲ.

ಬಿಗಿತವನ್ನು ಥೆರಪಿಸ್ಟ್‌ಗಳು ಮಾಡಿಫೈಡ್ ಆಶ್‌ವರ್ತ್ ಅಳತೆಯಲ್ಲಿ 0, 1, 1+, 2, 3, 4 ಅಂತ ಹೇಳುತ್ತಾರೆ; 0 ಅಂದರೆ ಬಿಗಿತ ಏರಿಲ್ಲ, 4 ಅಂದರೆ ಮಿಸುಕದಷ್ಟು ಬಿಗಿ. 3 ಅಥವಾ ಅದಕ್ಕೂ ಮೇಲಿದ್ದರೆ ಆ ಕೈ ನಿಮ್ಮ ಪ್ರಾಜೆಕ್ಟ್‌ಗೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಥೆರಪಿಸ್ಟ್ ನಿಧಾನಕ್ಕೆ ಕೈಯಿಂದ ತೆರೆದರೂ ತೆರೆಯದಷ್ಟು ಗೆಣ್ಣು ಅಂಟಿಕೊಂಡಿದ್ದರೆ, ಕೈ ಊದಿದ್ದರೆ, ಗಾಯ ಇದ್ದರೆ, ನೋವಾದಾಗ ಹೇಳಲು ಆಗದ ಸ್ಥಿತಿ ಇದ್ದರೆ ಕೂಡ ಅಷ್ಟೇ.

## ಹಂತ 2: ಕೈ ಅಳೆಯುವುದು

ಇಡೀ ಕೆಲಸದಲ್ಲಿ ಇದೇ ದೊಡ್ಡದು, ಇದನ್ನೇ ಎಲ್ಲರೂ ಬಿಡುತ್ತಾರೆ.

ಲಕ್ವಾ ಆದ ಕೈಗೆ ಮುಚ್ಚುವುದು ಅಷ್ಟು ಕಷ್ಟವಲ್ಲ, ಬೆರಳು ಹೆಚ್ಚಾಗಿ ತಾನಾಗಿಯೇ ಮುಷ್ಟಿ ಕಟ್ಟಿಕೊಂಡಿರುತ್ತದೆ. ಕಷ್ಟ ಇರುವುದು ತೆರೆಯುವುದರಲ್ಲಿ. ಆದರೆ ಹುಡುಗರ ಗ್ಲೌಸ್‌ಗಳಲ್ಲಿ ಹತ್ತಕ್ಕೆ ಎಂಟು ಮುಚ್ಚುವುದಕ್ಕೇ ಮಾಡಿದಂತಿರುತ್ತವೆ, ಯಾಕೆಂದರೆ ತಮ್ಮ ಕೈಯಲ್ಲಿ ನೋಡಿದಾಗ ಹಿಡಿಯುವುದೇ ದೊಡ್ಡ ಕೆಲಸ ಅಂತ ಕಾಣುತ್ತದೆ.

ಮೊದಲು ಮಣಿಕಟ್ಟು. ಮಣಿಕಟ್ಟು ಒಳಗೆ ಬಾಗಿದ್ದರೆ ಬೆರಳು ಸುಲಭಕ್ಕೆ ಬಿಚ್ಚಿಕೊಳ್ಳುತ್ತದೆ, ಹಿಂದಕ್ಕೆ ಎತ್ತಿದರೆ ಬಿಗಿಯುತ್ತದೆ. ನಿಮ್ಮ ಕೈಯಲ್ಲೇ ಸಡಿಲ ಬಿಟ್ಟು ಮಾಡಿ ನೋಡಿ, ಗೊತ್ತಾಗುತ್ತದೆ. ಹಾಗಾಗಿ ಮಣಿಕಟ್ಟನ್ನು ಯಾವ ಕೋನದಲ್ಲಿ ಕಟ್ಟುತ್ತೀರಿ ಅಂತ ಥೆರಪಿಸ್ಟ್ ಹತ್ತಿರ ಮೊದಲೇ ತೀರ್ಮಾನ ಮಾಡಿಸಿ. ನೇರದಿಂದ 20 ಡಿಗ್ರಿ ಹಿಂದಕ್ಕೆ ಅನ್ನುವುದರ ನಡುವೆ ಎಲ್ಲೋ ಒಂದು ಕಡೆ ಬರಬಹುದು. ಅದೇ ಕೋನದಲ್ಲಿ ಪಟ್ಟಿ ಕಟ್ಟಿ, ಅದೇ ಕೋನದಲ್ಲಿ ಅಳೆಯಿರಿ. ಬೇರೆ ಕೋನದಲ್ಲಿ ಅಳೆದ ಲೆಕ್ಕ ಕೆಲಸಕ್ಕೆ ಬಾರದು.

ಈಗ ಬೆರಳ ತುದಿಗೆ ಮೆತ್ತನೆ ಬಟ್ಟೆಯ ಕುಣಿಕೆ ಹಾಕಿ, ಕೊಕ್ಕೆ ತಕ್ಕಡಿ ಸಿಕ್ಕಿಸಿ, ಥೆರಪಿಸ್ಟ್ ಕೈಯಿಂದಲೇ ನಿಧಾನಕ್ಕೆ ಎಳೆಸಿ. ಬೇಕಾದಷ್ಟು ತೆರೆದಾಗ ತಕ್ಕಡಿ ಎಷ್ಟು ತೋರಿಸುತ್ತದೆ ಅಂತ ಬರೆದುಕೊಳ್ಳಿ. 1 ಕೆ.ಜಿ. ಅಂದರೆ ಸುಮಾರು 9.8 ನ್ಯೂಟನ್. ಜೊತೆಗೆ ಬುಡದ ಗೆಣ್ಣಿನಿಂದ ಕುಣಿಕೆವರೆಗಿನ ಉದ್ದವನ್ನೂ ಬರೆಯಿರಿ.

ನಿಧಾನಕ್ಕೆ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಈ ಬಿಗಿತ ವೇಗಕ್ಕೆ ತಕ್ಕಂತೆ ಏರುತ್ತದೆ. ಜೋರಾಗಿ ಎಳೆದಷ್ಟೂ ಸ್ನಾಯು ಎದುರು ಎಳೆಯುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಬೇರೆ ಬೇರೆ ದಿನ ಅಳೆಯಿರಿ. ಅಂಕಿಗಳು ಬೇರೆ ಬೇರೆ ಬರುತ್ತವೆ, ಬರಲಿ. ಅವುಗಳಲ್ಲಿ ದೊಡ್ಡದನ್ನು ಹಿಡಿದು ಲೆಕ್ಕ ಹಾಕಿ, ಸರಾಸರಿ ಬೇಡ. ಬಿಗಿತ ಇಳಿಸುವ ಇಂಜೆಕ್ಷನ್ ಇತ್ತೀಚೆಗೆ ಕೊಟ್ಟಿದ್ದರೆ ಅದನ್ನೂ ಕೇಳಿ ಬರೆದಿಡಿ, ಅದರ ಪ್ರಭಾವ ಇಳಿದ ಮೇಲೆ ಅದೇ ಕೈ ಬೇರೆ ಕೈ ಆಗಿರುತ್ತದೆ.

## ಹಂತ 3: ಲೆಕ್ಕ, ಆಮೇಲೆ ಮೋಟಾರ್

ಒಂದು ಉದಾಹರಣೆ ಹಿಡಿಯೋಣ. ಬೆರಳ ತುದಿಯಲ್ಲಿ 5 ನ್ಯೂಟನ್ ಬೇಕಾಯಿತು, ಅಂದರೆ ತಕ್ಕಡಿಯಲ್ಲಿ ಅರ್ಧ ಕೆ.ಜಿ. ಹತ್ತಿರ. ಕುಣಿಕೆ ಬುಡದ ಗೆಣ್ಣಿನಿಂದ 80 ಮಿ.ಮೀ. ದೂರ. ಆದರೆ ನಿಮ್ಮ ದಾರ ಬೆರಳಿನ ಬೆನ್ನ ಮೇಲೆ ಹೋಗುತ್ತದೆ, ಗೆಣ್ಣಿನ ನಡುವಿನಿಂದ ಅದಕ್ಕೆ ಸುಮಾರು 10 ಮಿ.ಮೀ. ಅಷ್ಟೇ ದೂರ. ಹಾಗಾಗಿ ದಾರದ ಎಳೆತ 5 × 80 ÷ 10 = 40 ನ್ಯೂಟನ್. ಎಂಟು ಪಟ್ಟು! ಮೇಜಿನ ಮೇಲೆ ಓಡಿದ್ದು ಕೈಯಲ್ಲಿ ನಿಲ್ಲುವುದು ಇಲ್ಲೇ.

ಅದೂ ಒಂದು ಬೆರಳಿಗೆ. ನಾಲ್ಕು ಬೆರಳಿಗೆ 160. ಇನ್ನು ಕೊಳವೆಯೊಳಗಿನ ತಿಕ್ಕಾಟ. ಸೈಕಲ್ ಬ್ರೇಕ್ ಕೇಬಲ್ ಹಾಗೆ, ಬಾಗು ಜಾಸ್ತಿ ಆದಷ್ಟೂ ಎಳೆತ ದಾರಿಯಲ್ಲೇ ಕರಗುತ್ತದೆ. ಎಲ್ಲ ಬಾಗುಗಳನ್ನು ಕೂಡಿದರೆ 180 ಡಿಗ್ರಿ ಆಗುತ್ತದೆ, ಘರ್ಷಣಾಂಕ (ತಿಕ್ಕಾಟ ಎಷ್ಟು ಅಂತ ಹೇಳುವ ಅಂಕಿ) 0.1 ಅಂತ ಇಟ್ಟುಕೊಂಡರೆ ಬೆರಳ ಹತ್ತಿರ 40 ಬೇಕಾದಲ್ಲಿ ಮೋಟಾರ್ ಹತ್ತಿರ 55 ಎಳೆಯಬೇಕು. ಧೂಳು ಒಳಗೆ ಸೇರಿ ಘರ್ಷಣಾಂಕ 0.2 ಆಯಿತೋ, 75. ನಾಲ್ಕು ಬೆರಳನ್ನು ಒಂದೇ ಮೋಟಾರ್ ಎಳೆಯುವುದಾದರೆ ಕೊಳವೆ ಸ್ವಚ್ಛ ಇದ್ದಾಗಲೇ 220 ನ್ಯೂಟನ್.

ದಾರ ಎಷ್ಟು ದೂರ ಓಡಬೇಕು? ಪೂರ್ತಿ ಮುಷ್ಟಿಯಿಂದ ಪೂರ್ತಿ ನೆಟ್ಟಗಾಗಲು ಮೂರು ಗೆಣ್ಣು ಸೇರಿ ಸುಮಾರು 260 ಡಿಗ್ರಿ, ಅಂದರೆ 45 ಮಿ.ಮೀ. ಚೊಂಬಿಗೆ ಅಷ್ಟು ಬೇಡ. 160 ಡಿಗ್ರಿ ಬಿಚ್ಚಿದರೆ ಸಾಕು ಅಂತಾದರೆ 28 ಮಿ.ಮೀ. ಆಗುತ್ತದೆ.

ಈಗ ಎಲ್ಲರ ಕೈಯಲ್ಲೂ ಇರುವ ಎಂಜಿ996ಆರ್ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟಾರ್) ನೋಡಿ. 6 ವೋಲ್ಟ್‌ಗೆ 11 ಕೆ.ಜಿ.-ಸೆಂ.ಮೀ. ಅಂತ ಬರೆದಿರುತ್ತಾರೆ, ಆದರೆ ಅದು ಮೋಟಾರ್ ತಿರುಗದೇ ನಿಂತಾಗಿನ ಬಲ. ದಿನವಿಡೀ ಓಡಿಸಲು ಅದರ ಮೂರನೇ ಒಂದು ಭಾಗ ಲೆಕ್ಕಕ್ಕೆ ಹಿಡಿಯಿರಿ. 15 ಮಿ.ಮೀ. ತ್ರಿಜ್ಯದ ರಾಟೆ ಮೇಲೆ 55 ನ್ಯೂಟನ್ ಎಳೆಯಲು ಬೇಕಾದ್ದು 8.4 ಕೆ.ಜಿ.-ಸೆಂ.ಮೀ. ಒಂದೇ ಬೆರಳಿಗೂ ಅದು ಸಾಲದು.

ನನ್ನ ಆಯ್ಕೆ: 2 ಮಿ.ಮೀ. ಲೀಡ್ ಇರುವ, ಅಂದರೆ ಒಂದು ಸುತ್ತಿಗೆ ಅದರ ಮೇಲಿನ ನಟ್ 2 ಮಿ.ಮೀ. ಸರಿಯುವ ಟಿ8 ಸ್ಕ್ರೂ, 12 ವೋಲ್ಟ್ ಗೇರ್ ಮೋಟಾರ್. ಸ್ಕ್ರೂವಿನಲ್ಲಿ ಮುಕ್ಕಾಲು ಭಾಗ ಬಲ ತಿಕ್ಕಾಟಕ್ಕೆ ಹೋಗುತ್ತದೆ ಅಂತ ಹಿಡಿದರೂ 220 ನ್ಯೂಟನ್‌ಗೆ ಸುಮಾರು 3 ಕೆ.ಜಿ.-ಸೆಂ.ಮೀ. ಸಾಕು. 28 ಮಿ.ಮೀ. ದೂರ 4 ಸೆಕೆಂಡಿನಲ್ಲಿ ಹೋಗಲು ನಿಮಿಷಕ್ಕೆ 210 ಸುತ್ತು. ಇಂಥ ಮೋಟಾರ್ ಸುಲಭಕ್ಕೆ ಸಿಗುತ್ತದೆ. ಆದರೆ ಈ ಸ್ಕ್ರೂಗೆ ಒಂದು ಗುಣ ಇದೆ: ಕರೆಂಟ್ ಹೋದರೂ ಹಿಡಿದ ಎಳೆತ ಬಿಡುವುದಿಲ್ಲ. ಅದರ ಬಗ್ಗೆ ಆರನೇ ಹಂತದಲ್ಲಿ ಹೇಳುತ್ತೇನೆ.

## ಹಂತ 4: ಮೋಟಾರ್ ಇಲ್ಲದ ಗ್ಲೌಸ್

ಐದು ಬೆರಳಿನ ರೆಡಿಮೇಡ್ ಗ್ಲೌಸ್ ಮುಷ್ಟಿ ಕಟ್ಟಿದ ಕೈಗೆ ಹೋಗುವುದಿಲ್ಲ. ಒತ್ತಾಯ ಮಾಡಿ ತೂರಿಸಿದರೆ ಹೆಬ್ಬೆರಳಿಗೆ ನೋವು. ಅಂಗೈ ಕಡೆ ಪೂರ್ತಿ ತೆರೆದಿರುವ ಮಾದರಿ ಮಾಡಿ. ಮುಂಗೈ ಮೇಲೆ, ಅಂದರೆ ಅಂಗೈಯ ಹಿಂಬದಿಗೆ, ಒಂದು ತಟ್ಟೆ, ಪ್ರತಿ ಬೆರಳಿಗೆ ಎರಡು ಮೆತ್ತನೆ ಪಟ್ಟಿ, ತುದಿಗೆ ಟೊಪ್ಪಿಗೆ, ಎಲ್ಲದಕ್ಕೂ ವೆಲ್ಕ್ರೋ. ಅಂಗೈ ಬರಿದಾಗಿದ್ದರೆ ಬೆವರೂ ಆರುತ್ತದೆ, ಹಿಡಿದ ಚೊಂಬು ತಣ್ಣಗಿದೆಯೋ ಬಿಸಿಯಿದೆಯೋ ಅಂತ ಕೈಗೂ ತಿಳಿಯುತ್ತದೆ.

ಹೊಲಿಗೆಗೆ ಬಳ್ಳಾರಿಗಿಂತ ಒಳ್ಳೆ ಊರು ಬೇಕಾ? ಜೀನ್ಸ್ ಹೊಲಿಯುವ ಯಾವುದಾದರೂ ಘಟಕದ ಮಾಸ್ಟರ್ ಹತ್ತಿರ ಹೋಗಿ, ಪ್ಯಾಂಟಿನ ಬೆಲ್ಟ್ ಲೂಪ್ ತುದಿಗೆ ಹಾಕುವ ಬಾರ್ಟ್ಯಾಕ್ ಇದೆಯಲ್ಲ, ಅದೇ ಬೇಕು ಅಣ್ಣಾ ಅನ್ನಿ. ದಾರ ಬಂದು ಕೂರುವ ಪ್ರತಿ ಜಾಗಕ್ಕೂ ಅದು ಬೇಕು. ಫೆವಿಕ್ವಿಕ್ ಹಚ್ಚಿದ ಜಾಗ ಗಟ್ಟಿಯಾಗಿ ಚರ್ಮ ಕೆರೆಯುತ್ತದೆ, ಒಂದು ವಾರಕ್ಕೆ ಬಿಟ್ಟೂ ಹೋಗುತ್ತದೆ. ಹೊಲಿಗೆಯ ಗಂಟು ಯಾವತ್ತೂ ಹೊರಗಡೆ ಬರಲಿ.

ಈಗ ದಾರವನ್ನು ಕೈಯಿಂದ ಎಳೆದು ನೋಡಿ, ಮೊದಲು ನಿಮ್ಮ ಕೈಯಲ್ಲಿ, ಆಮೇಲೆ ಥೆರಪಿಸ್ಟ್ ಎದುರು ರೋಗಿಯ ಕೈಯಲ್ಲಿ. ಎರಡು ತೊಂದರೆ ಇಲ್ಲೇ ಕಾಣುತ್ತವೆ. ಬುಡದ ಗೆಣ್ಣು ಹಿಂದಕ್ಕೆ ಬಾಗಿ, ನಡುವಿನ ಗೆಣ್ಣು ಮಾತ್ರ ಮಡಿಚಿಕೊಂಡೇ ಇರುತ್ತದೆ. ಹಾಗಾದರೆ ಮುಂಗೈ ತಟ್ಟೆಯನ್ನು ಬುಡದ ಗೆಣ್ಣಿನ ಮುಂದಕ್ಕೆ ಸ್ವಲ್ಪ ಉದ್ದ ಮಾಡಿ ತಡೆ ಕೊಡಿ, ನಡುವಿನ ಗೆಣ್ಣಿನ ಮೇಲೆ ದಾರವನ್ನು ಎತ್ತರಿಸಲು ಒಂದು ಸಣ್ಣ ಸೇತುವೆ ಕೂರಿಸಿ. ಎರಡನೆಯದು, ಎಳೆದಾಗ ಇಡೀ ಗ್ಲೌಸ್ ಮಣಿಕಟ್ಟಿನ ಕಡೆ ಅಥವಾ ಬೆರಳ ಕಡೆ ಜಾರುತ್ತದೆ. ಬೆಲ್ಟ್ ಬಿಗಿ ಮಾಡುವುದು ಅದಕ್ಕೆ ಉತ್ತರವಲ್ಲ, ರಕ್ತ ಓಡಾಟ ನಿಲ್ಲುತ್ತದೆ. ಮುಂಗೈ ತಟ್ಟೆಯನ್ನು ಮೊಳಕೈ ಕಡೆ ಅರ್ಧದವರೆಗೆ ಉದ್ದ ಮಾಡಿ, ಒತ್ತಡ ಹಂಚಿಹೋಗುತ್ತದೆ.

ಹೆಬ್ಬೆರಳಿಗೆ ಮೊದಲ ಮಾದರಿಯಲ್ಲಿ ಮೋಟಾರ್ ಬೇಡ. ಬೆರಳುಗಳ ಎದುರಿಗೆ ಬರುವಂತೆ ಥೆರಪಿಸ್ಟ್ ಹೇಳಿದ ಕೋನದಲ್ಲಿ ಪಟ್ಟಿ ಕಟ್ಟಿ ನಿಲ್ಲಿಸಿ, ಸಾಕು.

ಕೈಯಿಂದ ಎಳೆದಾಗ ಚೆನ್ನಾಗಿ ತೆರೆಯದ ಗ್ಲೌಸ್ ಮೋಟಾರ್ ಹಾಕಿದರೂ ತೆರೆಯುವುದಿಲ್ಲ. ಇಲ್ಲಿ ಸರಿಯಾಗುವವರೆಗೆ ಮುಂದಕ್ಕೆ ಹೋಗಬೇಡಿ.

## ಹಂತ 5: ದಾರದ ದಾರಿ

ನೈಲಾನ್ ಹಿಗ್ಗುತ್ತದೆ, ಬೇಡ. ಹೆಣೆದ ಪಾಲಿಎಥಿಲೀನ್ ದಾರ ಹಿಗ್ಗುವುದು ಕಡಿಮೆ, ಆದರೆ ನುಣುಪು, ಸಾಮಾನ್ಯ ಗಂಟು ಜಾರುತ್ತದೆ. ಎಂಟರ ಆಕಾರದ ಗಂಟು ಹಾಕಿ, ಮೇಲೆ ಕ್ರಿಂಪ್ (ದಾರ ಹಿಡಿದಿಡುವ ಸಣ್ಣ ಲೋಹದ ಕೊಳವೆ) ಒತ್ತಿ. ಗಂಟು ಹಾಕಿದ ಕಡೆ ದಾರದ ಶಕ್ತಿ ಅರ್ಧಕ್ಕೆ ಇಳಿಯಬಹುದು ಅಂತ ಲೆಕ್ಕ ಇಟ್ಟುಕೊಂಡು ದಪ್ಪ ಆರಿಸಿ.

ಕೊಳವೆಯ ಎರಡೂ ತುದಿ ಅಲುಗಾಡದಂತೆ ಗಟ್ಟಿ ಕೂರಬೇಕು, ಇಲ್ಲದಿದ್ದರೆ ಬೆರಳಿನ ಬದಲು ಕೊಳವೆಯೇ ಓಡಾಡುತ್ತದೆ. ಬಾಗು ಕಡಿಮೆ ಇಡಿ, ಇರುವ ಬಾಗೂ ಅಗಲವಾಗಿರಲಿ. ನಾಲ್ಕು ದಾರವನ್ನು ನೇರವಾಗಿ ಸ್ಕ್ರೂ ಮೇಲಿನ ಒಂದೇ ನಟ್‌ಗೆ ಕಟ್ಟಬೇಡಿ: ಕಿರುಬೆರಳು ಮೊದಲು ತೆರೆದು ನಿಂತರೆ ಎಲ್ಲ ಎಳೆತ ಅದರ ಮೇಲೆ ಬೀಳುತ್ತದೆ. ಎರಡೆರಡು ಬೆರಳಿಗೆ ಒಂದೇ ದಾರ ಮಾಡಿ ಸಣ್ಣ ರಾಟೆ ಸುತ್ತಿ, ಆ ಎರಡು ರಾಟೆಗಳನ್ನು ಇನ್ನೊಂದಕ್ಕೆ ಜೋಡಿಸಿ. ಆಗ ಒಂದು ಬೆರಳು ನಿಂತರೂ ಉಳಿದವು ಮುಂದುವರಿಯುತ್ತವೆ. ಒಂದು ಎಚ್ಚರಿಕೆ: ಹೀಗೆ ರಾಟೆ ಸುತ್ತಿದರೆ ಒಂದು ಬೆರಳು ನಿಂತಾಗ ಪಕ್ಕದ್ದು ಎರಡು ಪಟ್ಟು ಓಡುತ್ತದೆ, ಆದ್ದರಿಂದ ಪ್ರತಿ ದಾರಕ್ಕೂ ತನ್ನದೇ ಆದ ತಡೆ ಮಣಿ ಇರಲಿ.

## ಹಂತ 6: ಪೆಟ್ಟಿಗೆ, ಬ್ಯಾಟರಿ, ನಿಲ್ಲಿಸುವ ದಾರಿ

ಮೋಟಾರ್ ಕೈ ಮೇಲೆ ಬೇಡ, ಸೊಂಟದ ಪೆಟ್ಟಿಗೆಯಲ್ಲಿರಲಿ. ಲಕ್ವಾ ಆದ ಕಡೆ ಭುಜದ ಕೀಲೂ ಸಡಿಲ ಇರಬಹುದು, ಕೈಯಲ್ಲಿ ಭಾರ ತೂಗಿದರೆ ಭುಜ ಇನ್ನಷ್ಟು ಜಗ್ಗುತ್ತದೆ. ಕೈ ಮೇಲಿನ ಒಟ್ಟು ತೂಕ 300 ಗ್ರಾಂ ದಾಟದಂತೆ ನೋಡಿಕೊಳ್ಳಿ.

ಮೂರು 18650 ಲಿಥಿಯಂ ಸೆಲ್, ಅದಕ್ಕೆ ಬಿಎಂಎಸ್ (ಬ್ಯಾಟರಿ ಕಾಯುವ) ಬೋರ್ಡ್, ಒಂದು ಫ್ಯೂಸ್. ಗ್ಲೌಸ್ ಕೈಯಲ್ಲಿದ್ದಾಗ ಚಾರ್ಜರ್ ಆಗಲಿ, ಚಾರ್ಜ್‌ಗೆ ಹಾಕಿದ ಲ್ಯಾಪ್‌ಟಾಪ್ ಆಗಲಿ ಜೋಡಿಸಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ಈ ಸೆಲ್‌ಗಳನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ರಾಯಚೂರಿನ ಏಪ್ರಿಲ್-ಮೇ ಮಧ್ಯಾಹ್ನ ತಗಡಿನ ಕೋಣೆಯಲ್ಲಿ ಚಾರ್ಜ್‌ಗೆ ಇಡುವ ಮೊದಲು ಯೋಚಿಸಿ, ರಾತ್ರಿಗೆ ಬಿಡಿ. 3ಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನಿಂದ ಪ್ರಿಂಟ್ ಮಾಡಿದ ಭಾಗ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಸೊಟ್ಟ ಆಗುತ್ತದೆ. ಪಿಇಟಿಜಿ ಪ್ಲಾಸ್ಟಿಕ್ ಬಳಸಿ.

ನಿಲ್ಲಿಸುವ ದಾರಿ ಒಂದಲ್ಲ, ಕೆಳಗಿನವೆಲ್ಲ ಬೇಕು.

ಸ್ಕ್ರೂವಿನ ಎರಡೂ ತುದಿಗೆ, ನಟ್ ತಾಗಿದ ಕೂಡಲೇ ಮೋಟಾರ್ ನಿಲ್ಲಿಸುವ ಲಿಮಿಟ್ ಸ್ವಿಚ್, ಅದರಾಚೆಗೆ ಗಟ್ಟಿಯಾದ ತಡೆ. ಸ್ವಿಚ್ ಕೈಕೊಟ್ಟರೂ ನಟ್ ಅಲ್ಲೇ ನಿಲ್ಲಬೇಕು. ದಾರಕ್ಕೆ ಲೋಡ್ ಸೆಲ್ ಜೋಡಿಸಿ, ಅಳೆದ ಎಳೆತ ದಾಟಿದ ಕೂಡಲೇ ಮೋಟಾರ್ ಹಿಂದಕ್ಕೆ ತಿರುಗುವಂತೆ ಮಾಡಿ. ಎಚ್‌ಎಕ್ಸ್711 ಬೋರ್ಡ್ ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಓದುವಂತೆ ಬರುತ್ತದೆ, ಅದನ್ನು 80ಕ್ಕೆ ಬದಲಿಸಿ. ಕೋಡ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ, ಪ್ರತಿ ಬೆರಳಿನ ದಾರದಲ್ಲಿ ಒಂದು ತೆಳು ತುಂಡು ಸೇರಿಸಿ, ಬೇಕಾದ ಎಳೆತಕ್ಕಿಂತ ಒಂದೂವರೆ ಪಟ್ಟಾದರೆ ಅದು ಕಿತ್ತುಹೋಗಲಿ. ಇಎಸ್‌ಪಿ32 ಆನ್ ಆಗುವಾಗ ಕೆಲವು ಪಿನ್‌ಗಳಲ್ಲಿ ಕ್ಷಣಕಾಲ ಸಿಗ್ನಲ್ ಹೊರಬರುತ್ತದೆ, ಮೋಟಾರ್ ಡ್ರೈವರ್ (ಮೋಟಾರ್‌ಗೆ ಕರೆಂಟ್ ಕೊಡುವ ಬೋರ್ಡ್) ಆ ಪಿನ್‌ಗೆ ಇದ್ದರೆ ಕೈ ಒಮ್ಮೆ ಜಗ್ಗುತ್ತದೆ. ಬೇರೆ ಪಿನ್ ಆರಿಸಿ, 10 ಕಿಲೋಓಮ್ ರೆಸಿಸ್ಟರ್‌ನಿಂದ ಗ್ರೌಂಡ್‌ಗೆ ಕಟ್ಟಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ತುರ್ತಿಗೆ ಇಟ್ಟ ಕೆಂಪು ಬಟನ್ ಒತ್ತಿದರೆ ಮೋಟಾರ್ ನಿಲ್ಲುತ್ತದೆ, ಆದರೆ ಸ್ಕ್ರೂ ಎಳೆತ ಬಿಡುವುದಿಲ್ಲ ಅಂತ ಹೇಳಿದೆನಲ್ಲ, ಕೈ ಹಾಗೇ ಎಳೆದುಕೊಂಡು ನಿಂತಿರುತ್ತದೆ. ಅದಕ್ಕೇ ದಾರಗಳ ಜೋಡಣೆಯ ನಡುವೆ ಬ್ಯಾಗಿನ ಕ್ಲಿಪ್ ಬಕಲ್ ಹಾಕಿ. ರೋಗಿ ತನ್ನ ಒಳ್ಳೆ ಕೈಯಿಂದ ಒಂದೇ ಹಿಡಿತಕ್ಕೆ ಬಿಚ್ಚುವಂತಿರಬೇಕು. ಪೂರ್ತಿ ಎಳೆತ ಇದ್ದಾಗಲೂ ಬಿಚ್ಚಿಕೊಳ್ಳುತ್ತದೆಯೇ ಅಂತ ನೋಡಿ, ಕೆಲವು ಅಗ್ಗದ ಬಕಲ್ ಎಳೆತದಲ್ಲಿ ಸಿಕ್ಕಿಕೊಳ್ಳುತ್ತವೆ.

## ಹಂತ 7: ಕಂಟ್ರೋಲ್

ಎರಡು ಬಟನ್. ಒಂದನ್ನು ಒತ್ತಿದಾಗ ತೆರೆ, ಬಿಟ್ಟಾಗ ನಿಲ್ಲು, ಇನ್ನೊಂದನ್ನು ಒತ್ತಿದಾಗ ಸಡಿಲಿಸು. ಇಷ್ಟೇ.

ಸ್ನಾಯುವಿನ ವಿದ್ಯುತ್ ಸಿಗ್ನಲ್ ಹಿಡಿದು ಓಡಿಸುತ್ತೇವೆ, ಎಐ ಹಾಕುತ್ತೇವೆ ಅಂತ ಗೈಡ್‌ಗಳಿಗೆ ಆಸೆ ಇರುತ್ತದೆ. ಆದರೆ ಬಿಗಿತ ಇರುವ ಕೈಯಲ್ಲಿ ತೆರೆಯುವ ಸ್ನಾಯುವಿನ ಸಿಗ್ನಲ್ ಬಹಳ ಸಣ್ಣದು, ತೆರೆಯಲು ಹೊರಟಾಗ ಮುಚ್ಚುವ ಸ್ನಾಯುವೂ ಜೊತೆಗೇ ಬಿಗಿಯುತ್ತದೆ. ನಿಮ್ಮ ಆರೋಗ್ಯವಂತ ಕೈಯಲ್ಲಿ ಸರಿಯಾಗಿ ಬಂದ ಸಿಗ್ನಲ್ ಅಲ್ಲಿ ಬರುವುದಿಲ್ಲ. ಬಟನ್‌ನಲ್ಲಿ ಎಲ್ಲ ಸರಿಯಾದ ಮೇಲೆ ಬೇಕಾದರೆ ಸೇರಿಸಿ.

ವೇಗ ಮಾತ್ರ ಗಮನಿಸಿ. ಒಂದು ಸಲ ತೆರೆಯಲು 4–5 ಸೆಕೆಂಡ್, ಶುರುವಿನಲ್ಲೂ ಕೊನೆಯಲ್ಲೂ ಇನ್ನೂ ಮೆಲ್ಲಗೆ. ಡೆಮೋ ಚೆನ್ನಾಗಿ ಕಾಣಲಿ ಅಂತ ವೇಗ ಏರಿಸಿದರೆ ಕೈ ಇನ್ನಷ್ಟು ಬಿಗಿಯುತ್ತದೆ.

## ಹಂತ 8: ಪರೀಕ್ಷೆಯ ಸರದಿ

ಮೊದಲು ಮರದ ಕೈ. ಕೀಲಿಗೆ ಸ್ಪ್ರಿಂಗ್ ಹಾಕಿ, ಎರಡನೇ ಹಂತದಲ್ಲಿ ಅಳೆದಷ್ಟೇ ಬಿಗಿ ಮಾಡಿ. ಕಿನ್ನಾಳದಲ್ಲಿ ಹಗುರ ಮರದಲ್ಲಿ ಗೊಂಬೆ ಮಾಡುವವರಿದ್ದಾರೆ, ಅಂಥ ಕೈಯ ಅಚ್ಚು ಕೇಳಿ ಮಾಡಿಸಬಹುದು, ಪ್ರಿಂಟರ್ ಇದ್ದರೆ ಅದೂ ಆದೀತು. ಸಾವಿರ ಸಲ ತೆರೆ-ಮುಚ್ಚು ಓಡಿಸಿ. ದಾರ ಸವೆದಿದೆಯೇ, ಗಂಟು ಜಾರಿದೆಯೇ, ಮೋಟಾರ್ ಮುಟ್ಟಲಾರದಷ್ಟು ಬಿಸಿಯಾಗಿದೆಯೇ ನೋಡಿ. ಓಡುತ್ತಿರುವಾಗಲೇ ಬ್ಯಾಟರಿ ಕೀಳಿ, ಲೋಡ್ ಸೆಲ್ ವೈರ್ ಕೀಳಿ. ವೈರ್ ಕಿತ್ತಾಗ ಎಳೆತ ಸೊನ್ನೆ ಅಂದುಕೊಂಡು ಮೋಟಾರ್ ಎಳೆಯುತ್ತಲೇ ಹೋದರೆ ನಿಮ್ಮ ಕೋಡ್ ತಪ್ಪು.

ಆಮೇಲೆ ನಿಮ್ಮ ಕೈ, ಆಮೇಲೆ ಥೆರಪಿಸ್ಟ್ ಕೈ, ಕೊನೆಗೆ ರೋಗಿ. ರೋಗಿಗೆ ಹಾಕುವ ಮೊದಲು ಕಾಲೇಜಿನ ಅಥವಾ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಅನುಮತಿ ಬೇಕು, ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರವೂ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಇದಕ್ಕೆ ಆಧಾರ. ಪ್ರಾಜೆಕ್ಟ್ ಸಣ್ಣದು, ನಡೆಯುತ್ತದೆ ಬಿಡಿ ಅನ್ನುವವರ ಮಾತು ಕೇಳಬೇಡಿ.

ಮೊದಲ ಸಲ 10–15 ನಿಮಿಷ ಸಾಕು. ಅರ್ಧ ಎಳೆತದಿಂದ ಶುರು ಮಾಡಿ.

## ಕೂಡಲೇ ಬಿಚ್ಚಬೇಕಾದ ಸೂಚನೆಗಳು

ಉಗುರು ಬಿಳಿಚಿದರೆ ಅಥವಾ ನೀಲಿಯಾದರೆ. ಬೆರಳು ತಣ್ಣಗಾದರೆ. ಬುಡದ ಗೆಣ್ಣು ಹಿಂದಕ್ಕೆ ಬಾಗತೊಡಗಿದರೆ. ಕೈ ಗಡಗಡ ನಡುಗತೊಡಗಿದರೆ, ಅದು ವೇಗ ಜಾಸ್ತಿಯಾದದ್ದರ ಗುರುತು. ಬಿಚ್ಚಿದ ಮೇಲೆ ಪಟ್ಟಿಯ ಕೆಂಪು ಗುರುತು 20 ನಿಮಿಷವಾದರೂ ಹೋಗದಿದ್ದರೆ ಆ ಪಟ್ಟಿಯ ಜಾಗ ಬದಲಿಸದೆ ಮತ್ತೆ ಹಾಕಬೇಡಿ. ಮರುದಿನ ಕೈ ಊದಿದ್ದರೆ, ಭುಜ ನೋಯುತ್ತಿದ್ದರೆ, ಮೊದಲಿಗಿಂತ ಬಿಗಿ ಜಾಸ್ತಿ ಅನಿಸಿದರೆ ಥೆರಪಿಸ್ಟ್‌ಗೆ ತಿಳಿಸಿ, ಅವರು ಹೇಳುವವರೆಗೆ ನಿಲ್ಲಿಸಿ.

ನೋವಾದರೆ ಹೇಳಿ ಅಂತ ಕೇಳಿ ಸುಮ್ಮನಾಗಬೇಡಿ. ಲಕ್ವಾ ಆದ ಕೈಗೆ ಸ್ಪರ್ಶವೇ ಕಡಿಮೆ ಇರಬಹುದು. ಸ್ಪರ್ಶ ಇದ್ದರೂ ನಮ್ಮ ಕಡೆಯ ಹಿರಿಯರು, ಪಾಪ ಹುಡುಗರು ಇಷ್ಟು ಕಷ್ಟಪಟ್ಟು ಮಾಡ್ಯಾರ ಅಂದುಕೊಂಡು, "ಏನಾಗಿಲ್ಲ ಬಿಡ್ರಪ್ಪಾ" ಅಂತಲೇ ಹೇಳುತ್ತಾರೆ. ಮುಖ ನೋಡಿ, ಇನ್ನೊಂದು ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದಿದೆಯೇ ನೋಡಿ, ಪಕ್ಕದಲ್ಲಿ ನಿಂತ ಮಗಳನ್ನೋ ಸೊಸೆಯನ್ನೋ ಕೇಳಿ.

## ಮನೆಗೆ ಕೊಡುವ ಮೊದಲು

ಹಾಕುವುದು, ಬಿಚ್ಚುವುದು, ಬಕಲ್ ತೆಗೆಯುವುದು, ಈ ಮೂರನ್ನೂ ಮನೆಯವರು ನಿಮ್ಮ ಸಹಾಯವಿಲ್ಲದೆ ಮಾಡಿ ತೋರಿಸಬೇಕು. ತೋರಿಸುವವರೆಗೆ ಗ್ಲೌಸ್ ಆಸ್ಪತ್ರೆಯಲ್ಲೇ ಇರಲಿ. ಬಟ್ಟೆ ಭಾಗ ಬಿಡಿಸಿ ಒಗೆಯಲು ಬರಬೇಕು, ಬೇಸಿಗೆಯಲ್ಲಿ ಎರಡು ದಿನಕ್ಕೇ ಬೆವರು ನಾತ. ವೆಲ್ಕ್ರೋದಲ್ಲಿ ಹತ್ತಿ ಎಳೆ, ಧೂಳು ತುಂಬಿಕೊಂಡರೆ ಹಿಡಿತ ಹೋಗುತ್ತದೆ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಲು ಹೇಳಿಕೊಡಿ. ಕೊಳವೆಗೆ ಎಣ್ಣೆ ಬಿಡಬೇಡಿ ಅಂತಲೂ ಹೇಳಿ, ಎಣ್ಣೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೋಟಾರ್ ಸದ್ದು ದಪ್ಪಗಾದರೆ ದಾರ, ಕೊಳವೆ ಎರಡನ್ನೂ ಬದಲಿಸುವ ಸಮಯ ಬಂದಿದೆ ಅಂತ ಅರ್ಥ.

ಇದನ್ನು ಮಾರುವ ಯೋಚನೆ ಇದ್ದರೆ ಅದು ಬೇರೆಯೇ ದಾರಿ. 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಲೈಸೆನ್ಸ್ ಬೇಕು, ಅಪಾಯಗಳ ದಾಖಲೆಗೆ ಐಎಸ್‌ಒ 14971, ವಿದ್ಯುತ್ ಸುರಕ್ಷತೆಗೆ ಐಇಸಿ 60601-1 ನೋಡಬೇಕು. ಇವುಗಳನ್ನು ಮೊದಲ ದಿನವೇ ಒಮ್ಮೆ ಓದಿದ್ದರೆ ಆರನೇ ಹಂತದ ಕೆಲಸ ಬಹಳಷ್ಟು ಸುಲಭ ಆಗುತ್ತದೆ, ಯಾವ ತಡೆ ಯಾವ ಅಪಾಯಕ್ಕೆ ಅಂತ ಕಟ್ಟುತ್ತಲೇ ಬರೆದಿಟ್ಟುಕೊಳ್ಳಬಹುದು.